ಫೋಟೋದಲ್ಲಿ ಇಲ್ಲದ ಇಬ್ಬರಿಗೆ

ರಾಜ್ಯದ ಜೂನಿಯರ್ ಬಾಲಕಿಯರ ಬಾಸ್ಕೆಟ್‌ಬಾಲ್ ತಂಡದ ಪಟ್ಟಿಯಲ್ಲಿ ನನ್ನ ಹೆಸರು ಬಂದಿದೆ. ಫೋನ್ ಮಾಡಿದವರಿಗೆ, ಮೆಸೇಜ್ ಹಾಕಿದವರಿಗೆ, ಟಿಕೆಟ್ ಹರಿಯುತ್ತಲೇ ಶುಭಾಶಯ ಹೇಳಿದ ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್ ಅಣ್ಣನಿಗೆ, ಎಲ್ಲರಿಗೂ ಥ್ಯಾಂಕ್ಸ್. "ಅಷ್ಟು ಎತ್ತರ ಇದ್ದೀಯ, ಸೆಲೆಕ್ಟ್ ಆಗದೆ ಇರ್ತೀಯಾ" ಅಂದವರಿಗೂ ಥ್ಯಾಂಕ್ಸ್. ಅವರಿಗೆ ಮಾತ್ರ ಸ್ವಲ್ಪ ವಿವರ ಹೇಳಬೇಕು.

ರಿಂಗ್ ಇರುವುದು 10 ಅಡಿ ಮೇಲೆ. ನಾನು 6 ಅಡಿ. ಕೈ ಎತ್ತಿದ ಮೇಲೂ ಉಳಿದದ್ದನ್ನು ಕಾಲು ತುಂಬಬೇಕು, ಅಲ್ವಾ? ನನ್ನ ಕಾಲಿಗೆ ಅದು ಗೊತ್ತಿರಲಿಲ್ಲ. ಕ್ಲಾಸಿನಲ್ಲಿ ನನ್ನನ್ನು ಅಡಿಕೆ ಮರ ಅಂತಿದ್ದರು. ಕೋರ್ಟಿನಲ್ಲೂ ಹಾಗೇ ನಿಲ್ಲುತ್ತಿದ್ದೆ.

ಮುಖ್ಯ ಕೋಚ್ ನನ್ನನ್ನು ತಂಡಕ್ಕೆ ಸೇರಿಸಿಕೊಂಡರು, ಪಂದ್ಯಗಳಲ್ಲಿ ಆಡಿಸಿದರು. ಪೇಪರಿನಲ್ಲಿ ಅವರ ಫೋಟೋ ಬಂದಿದ್ದು ನ್ಯಾಯವೇ. ಆದರೆ ಇಡೀ ತಂಡ ನೋಡಿಕೊಳ್ಳುವವರು ಒಬ್ಬಳ ಹೆಜ್ಜೆ ಹಿಂದೆ ದಿನಾ ಬೀಳಲು ಆಗುವುದಿಲ್ಲ. ಹಾಗೆ ಬಿದ್ದವರು ಇಬ್ಬರು ಸಹಾಯಕ ಕೋಚ್‌ಗಳು. ಒಬ್ಬರು ಬ್ಯಾಂಕಿನಿಂದ ರಿಟೈರ್ ಆದ ಸರ್. ಇನ್ನೊಬ್ಬರು ಹಿಂದೆ ಗಾರ್ಡ್, ಅಂದರೆ ಚೆಂಡು ಮುಂದಕ್ಕೆ ತಂದು ಆಟ ನಡೆಸುವ ಜಾಗದಲ್ಲಿ ಆಡುತ್ತಿದ್ದ ಅಕ್ಕ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕಿಲ್ಲ.

ಶಿವಮೊಗ್ಗದ ಮಳೆಗಾಲ ಗೊತ್ತಲ್ಲ. ಜೂನ್ ಬಂದರೆ ಸಿಮೆಂಟ್ ಕೋರ್ಟಿನ ಮೇಲೆ ಪಾಚಿ ಕಟ್ಟುತ್ತದೆ, ಕಾಲಿಟ್ಟರೆ ಜಾರುತ್ತದೆ. ಸರ್ ನನ್ನನ್ನು ಪಕ್ಕದ ತಗಡಿನ ಶೆಡ್ಡಿಗೆ ಕರೆದುಕೊಂಡು ಹೋದರು. ಅಲ್ಲಿ ರಿಂಗೇ ಇಲ್ಲ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಪಾದಗಳನ್ನು ಬರೆದರು. ಬೆನ್ನ ಹಿಂದೆ ಎದುರಾಳಿ ಇದ್ದಾಳೆ ಅಂದುಕೋ, ಒಂದು ಕಾಲು ಊರು, ಇನ್ನೊಂದನ್ನು ಅವಳ ಪಕ್ಕಕ್ಕೆ ಹಿಂದಕ್ಕೆ ಹಾಕು, ತಿರುಗು. ಇದಕ್ಕೆ ಡ್ರಾಪ್ ಸ್ಟೆಪ್ ಅನ್ನುತ್ತಾರೆ. ಊರಿದ ಕಾಲನ್ನು ಎತ್ತಿ, ಚೆಂಡು ಕೈ ಬಿಡುವ ಮುಂಚೆ ಮತ್ತೆ ನೆಲಕ್ಕಿಟ್ಟರೆ ಟ್ರಾವೆಲಿಂಗ್ ಅನ್ನುವ ತಪ್ಪು. ಚೆಂಡು ಕೈಗೆ ಕೊಟ್ಟಿದ್ದೇ ಎಷ್ಟೋ ವಾರ ಆದ ಮೇಲೆ. ಬೇಜಾರಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಆ ಶೆಡ್ಡಿನಿಂದ ಇನ್ನೊಂದು ಲಾಭವಾಯಿತು. ನಾನು ಆಡುವುದು ಸೆಂಟರ್, ಅಂದರೆ ಸಾಮಾನ್ಯವಾಗಿ ಎತ್ತರದವರು ಆಡುವ ಜಾಗ. ಡಿಫೆನ್ಸ್‌ನಲ್ಲಿ ಸೆಂಟರ್ ರಿಂಗಿನ ಹತ್ತಿರ, ಎಲ್ಲರ ಹಿಂದೆ ಇರುತ್ತಾಳೆ. ಇಡೀ ಆಟ ಅವಳ ಕಣ್ಣ ಮುಂದೆ. ಸ್ಕ್ರೀನ್, ಅಂದರೆ ನಮ್ಮವರ ದಾರಿಗೆ ಅಡ್ಡ ನಿಲ್ಲುವ ಎದುರಾಳಿ, ಎಲ್ಲಿಂದ ಬರುತ್ತಿದೆ, ಯಾರು ಒಳಗೆ ನುಗ್ಗುತ್ತಿದ್ದಾರೆ ಅಂತ ಅವಳೇ ಕೂಗಬೇಕು. ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವವರಲ್ಲ. ತಗಡಿನ ಮೇಲೆ ಮಳೆ ಹೊಡೆಯುವಾಗ ಅಕ್ಕ ಆ ತುದಿಯಲ್ಲಿ ನಿಂತು, "ಕೇಳಿಸಲಿಲ್ಲ ಕಣೇ, ಇನ್ನೊಂದ್ಸಲ" ಅನ್ನುವರು. "ಎಡಕ್ಕೆ ಸ್ಕ್ರೀನ್!" ಅಂತ ಗಂಟಲು ಹರಿಯುವಷ್ಟು ಕೂಗಿಸಿದರು. ಈಗ ಅಮ್ಮನೇ ಸ್ವಲ್ಪ ಮೆತ್ತಗೆ ಮಾತಾಡು ಅಂತಾಳೆ.

ಮಳೆ ಬಿಟ್ಟ ಮೇಲೆ ಮೈಕನ್ ಡ್ರಿಲ್. ರಿಂಗಿನ ಕೆಳಗೆ ನಿಂತು ಬಲಗೈಯಲ್ಲಿ ಒಂದು ಶಾಟ್, ಚೆಂಡು ನೆಲಕ್ಕೆ ಬೀಳುವ ಮುಂಚೆ ಹಿಡಿದು ಎಡಗೈಯಲ್ಲಿ ಒಂದು. ಚೆಂಡು ಗಲ್ಲದಿಂದ ಕೆಳಗೆ ಇಳಿಯಬಾರದು. ಇಳಿದರೆ ಅಕ್ಕ ಎಲ್ಲಿಂದಲೋ ಬಂದು ಚಟ್ ಅಂತ ಹೊಡೆದು ಕಿತ್ತುಕೊಳ್ಳುವರು. ನನ್ನ ಭುಜದಷ್ಟೂ ಇಲ್ಲದವರು! ಕುಳ್ಳಗಿರುವ ಗಾರ್ಡ್‌ಗಳು ಸೆಂಟರ್‌ಗಳಿಂದ ಚೆಂಡು ಕದಿಯುವುದೇ ಹೀಗೆ. ಅದನ್ನು ಕದ್ದವರೇ ಕಲಿಸಬೇಕು. ಪಕ್ಕಕ್ಕೆ ತಿರುಗಿ ಒಂದೇ ಕೈಯಲ್ಲಿ ತಲೆ ಮೇಲಿಂದ ಹಾಕುವ ಹುಕ್ ಶಾಟ್‌ಗೆ ಸರ್ ಜೇಡರಬಲೆ ತೆಗೆಯುವ ಉದ್ದ ಕೋಲಿನ ಪೊರಕೆ ಎತ್ತಿ ಹಿಡಿಯುತ್ತಿದ್ದರು. ಅದರ ಮೇಲಿಂದ ಚೆಂಡು ಹೋಗಬೇಕು. ಹೋಗದಿದ್ದರೆ ತಲೆ ತುಂಬ ಧೂಳು.

ಮೈಕನ್ ಡ್ರಿಲ್‌ಗೆ ಹೆಸರು ಬಂದಿದ್ದು ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಜಾರ್ಜ್ ಮೈಕನ್ ಅವರಿಂದ. 6 ಅಡಿ 10 ಇಂಚು, ದಪ್ಪ ಕನ್ನಡಕ, ಎತ್ತರ ಇದ್ದರೂ ಚುರುಕಿಲ್ಲ ಅನ್ನಿಸಿಕೊಂಡವರು. 1942ರಲ್ಲಿ ಡೀಪಾಲ್ ವಿಶ್ವವಿದ್ಯಾಲಯದ ಕೋಚ್ ಆಗಿ ಬಂದ ರೇ ಮೇಯರ್, ಮೈಕನ್‌ಗೆ ಹಗ್ಗದಾಟ ಆಡಿಸಿದರು, ಡ್ಯಾನ್ಸ್ ಕ್ಲಾಸಿಗೂ ಕಳಿಸಿದರು. ಅದಕ್ಕೂ ಮುಂಚೆ ಮೇಯರ್ ಬೇರೆ ಕಡೆ ಸಹಾಯಕ ಕೋಚ್ ಆಗಿದ್ದರಂತೆ. ಇದನ್ನು ಹೇಳುವಾಗ ಸರ್ ಮುಖದಲ್ಲಿ ಒಂದು ನಗು ಇರುತ್ತಿತ್ತು.

ಜಾಸ್ತಿ ಉಪಯೋಗಕ್ಕೆ ಬಂದಿದ್ದು ರಿಬೌಂಡ್, ಅಂದರೆ ತಪ್ಪಿದ ಶಾಟ್‌ನ ಚೆಂಡು ಹಿಡಿಯುವ ಪಾಠ. ಸರ್ ನನ್ನನ್ನು ಹಾರಲು ಬಿಡುತ್ತಿರಲಿಲ್ಲ. ಅಕ್ಕ ಮೂಲೆಯಿಂದ ಶಾಟ್ ಹೊಡೆಯುವರು, ಚೆಂಡು ರಿಂಗ್ ಮುಟ್ಟುವ ಮುಂಚೆ ಅದು ಎಲ್ಲಿ ಬೀಳುತ್ತದೆ ಅಂತ ನಾನು ಬೆರಳು ತೋರಿಸಬೇಕು. ಮೂಲೆಯಿಂದ ಹೊಡೆದು ತಪ್ಪಿದ ಚೆಂಡು ಹೆಚ್ಚಾಗಿ ಎದುರು ಮೂಲೆಯ ಕಡೆಗೇ ಹೋಗುತ್ತದೆ. ದೂರದಿಂದ ಹೊಡೆದಿದ್ದು ದೂರಕ್ಕೆ ಚಿಮ್ಮುತ್ತದೆ. ಜಾಗ ಗೊತ್ತಾದ ಮೇಲೆ ಬೆನ್ನು ಕೊಟ್ಟು ಎದುರಾಳಿಯನ್ನು ತಡೆದರೆ ಸಾಕು, ಅರ್ಧ ರಿಬೌಂಡ್ ಹಾರದೇ ಸಿಗುತ್ತದೆ. ಸೆಲೆಕ್ಷನ್ ಟ್ರಯಲ್‌ನಲ್ಲಿ ನನಗಿಂತ ಚೆನ್ನಾಗಿ ಹಾರುವ ಹುಡುಗಿಯರಿದ್ದರು. ನನ್ನ ಕೈ ಹಿಡಿದದ್ದು ಈ ಪಾಠ.

ನಾನು ಬೇಗ ಬೇಗ ಬೆಳೆಯುತ್ತಿದ್ದಾಗ ಮಂಡಿ ಚಿಪ್ಪಿನ ಕೆಳಗೆ ನೋವು ಶುರುವಾಗಿತ್ತು. ಹೇಳಿದರೆ ತಂಡದಿಂದ ತೆಗೆಯುತ್ತಾರೇನೋ ಅಂತ ಸುಮ್ಮನಿದ್ದೆ. ಮೆಟ್ಟಿಲು ಇಳಿಯುವುದನ್ನು ನೋಡಿಯೇ ಅಕ್ಕ ಕಂಡುಹಿಡಿದರು. ಡಾಕ್ಟರ್ ಹತ್ತಿರ ಜೊತೆಗೆ ಬಂದರು. ಹಾರುವುದು ಬಂದ್, ನಿಂತಲ್ಲೇ ಹೊಡೆಯುವ ಫ್ರೀ ಥ್ರೋ ಮಾತ್ರ ಅಂತ ಮುಖ್ಯ ಕೋಚ್‌ಗೆ ಅವರೇ ಹೇಳಿ ಒಪ್ಪಿಸಿದರು.

ಅಪ್ಪ, ಅಮ್ಮ, ಹಾಸ್ಟೆಲ್ ವಾರ್ಡನ್ ಮೇಡಂ, ತಡವಾದರೂ ಊಟ ತೆಗೆದಿಡುತ್ತಿದ್ದ ಅಡುಗೆ ಆಂಟಿ, ನಿಮಗೆಲ್ಲ ಬೇರೆಯಾಗಿ ಬರೆಯುತ್ತೇನೆ.

ಸರ್, ಅಕ್ಕ, ನಿಮಗೆ ತುಂಬಾ ಥ್ಯಾಂಕ್ಸ್. ಕ್ಯಾಂಪ್ ಮುಗಿದ ತಕ್ಷಣ ಬರುತ್ತೇನೆ. ಎಡಗೈ ಹುಕ್ ಇನ್ನೂ ಸರಿ ಹೋಗಿಲ್ಲ.