ನೋಟ್ಸ್ ಆ್ಯಪ್ ಆರಿಸೋ ಮುಂಚೆ ಅತ್ತೆಯ ಮಾತು ಕೇಳು

ದಾವಣಗೆರೆ

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜ್ ನೋಡಿದೆ. ಫೋನ್ ತುಂಬ ನೋಟ್ಸ್ ಆ್ಯಪ್ ಹಾಕ್ಕೊಂಡು, ಯೂಟ್ಯೂಬಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳೋದನ್ನ ಕೇಳಿ ತಲೆ ಕೆಡಿಸಿಕೊಂಡು, ಕೊನೆಗೆ ಯಾವುದನ್ನ ಇಟ್ಕೊಳ್ಳಲಿ ಅತ್ತೆ ಅಂತ ಕೇಳಿದ್ದೀಯ. ಒಂದೇ ಸಾಲಲ್ಲಿ ಹೇಳಿದ್ರೆ ನೀನು ಕೇಳೋ ಪೈಕಿ ಅಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆ್ಯಪ್ ಒಳಗೆ ಎಷ್ಟು ಬಣ್ಣ ಇದೆ, ಎಷ್ಟು ಟೆಂಪ್ಲೇಟ್ ಇದೆ ಅಂತ ಆಮೇಲೆ ನೋಡು. ಬರೆದಿದ್ದನ್ನೆಲ್ಲ ಹೊರಗೆ ತೆಗೆದುಕೊಂಡು ಹೋಗೋಕೆ ದಾರಿ ಇದೆಯಾ, ಅದನ್ನ ಮೊದಲು ನೋಡು.

ಇದನ್ನ ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, ನಮ್ಮ ಡಿಟಿಪಿ ಅಂಗಡಿಗೆ ಈಗಲೂ ಆಗಾಗ ಯಾರಾದರೂ ಹಳೇ ಸಿಡಿ ಹಿಡ್ಕೊಂಡು ಬರ್ತಾರೆ. ಜಾತ್ರೆಯ ಸ್ಮರಣ ಸಂಚಿಕೆ, ತೀರಿಹೋದ ತಂದೆ ಬರೆಸಿದ ಜೀವನದ ಕಥೆ, ಇಂಥವು. ಎಲ್ಲ ಯುನಿಕೋಡ್‌ಗೆ (ಈಗ ಎಲ್ಲ ಫೋನು, ಕಂಪ್ಯೂಟರಿಗೂ ಅರ್ಥವಾಗೋ ಅಕ್ಷರದ ಲೆಕ್ಕಕ್ಕೆ) ಮುಂಚಿನ ಫಾಂಟಿನಲ್ಲಿ ಟೈಪಾಗಿರುತ್ತೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ಕನ್ನಡ’ ಅನ್ನೋ ಪದದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಓರೆ ಗೆರೆ ಹೊತ್ತ ಎ, ಪಕ್ಕದಲ್ಲಿ ಪೌಂಡಿನ ಗುರುತು, ಹೀಗೆ ಸಾಲು ನಿಂತಿರುತ್ತೆ. ಯುನಿಕೋಡಿಗೆ ಬದಲಾಯಿಸೋ ಸಾಫ್ಟ್‌ವೇರ್ ಇದೆ, ಇಲ್ಲ ಅಂತಲ್ಲ, ಆದರೆ ಒತ್ತಕ್ಷರ ಕೆಲವು ಕಡೆ ಕೆಟ್ಟಿರುತ್ತೆ, ಸಾಲು ಸಾಲು ಓದಿ ತಿದ್ದಬೇಕು. ಬರಹ ಅಲ್ಲೇ ಇದೆ, ಓದೋಕೆ ಮಾತ್ರ ಆಗಲ್ಲ. ಬಂದವರ ಮುಖ ನೋಡಬೇಕು ನೀನು.

ಆ್ಯಪ್‌ಗಳ ವಿಷಯವೂ ಅಷ್ಟೇ. ಎವರ್‌ನೋಟ್ 2008ರಲ್ಲಿ ಬಂದಾಗ ಎಲ್ಲರೂ ಅದನ್ನೇ ಹಾಕಿಕೊಂಡರು. 2023ರ ಹೊತ್ತಿಗೆ ಅದು ಇಟಲಿಯ ಬೆಂಡಿಂಗ್ ಸ್ಪೂನ್ಸ್ ಕಂಪನಿಯ ಕೈ ಸೇರಿತು, ಆ ವರ್ಷದ ಡಿಸೆಂಬರಿನಲ್ಲಿ ಪುಕ್ಕಟೆ ಬಳಸೋರಿಗೆ 50 ನೋಟ್, ಒಂದೇ ನೋಟ್‌ಬುಕ್ ಅಂತ ಮಿತಿ ಹಾಕಿದರು. ಗೂಗಲ್ ನೋಟ್‌ಬುಕ್ ಅಂತ ಒಂದಿತ್ತು, ಅದನ್ನ 2012ರಲ್ಲಿ ಮುಚ್ಚಿ ಮರುವರ್ಷ ಕೀಪ್ ತಂದರು. ಕಂಪನಿ ಅಂದಮೇಲೆ ಅದರ ಲೆಕ್ಕ ಅದಕ್ಕೆ. ನಮ್ಮ ಲೆಕ್ಕ ನಾವು ನೋಡ್ಕೋಬೇಕು, ಅಲ್ವಾ?

ನೀನು ಈಗ ಬಳಸ್ತಿರೋ ಕೀಪ್ ಕೆಟ್ಟದ್ದೇನಲ್ಲ. ಸಂತೆ ಚೀಟಿ, ಅಮ್ಮನ ಮಾತ್ರೆ ತರೋದು, ದುರ್ಗದ ಬಸ್ಸಿನಲ್ಲಿ ಥಟ್ಟನೆ ನೆನಪಾದ ಕೆಲಸ, ಇಂಥದ್ದಕ್ಕೆ ಅದಕ್ಕಿಂತ ಸಲೀಸು ಬೇರೆ ಇಲ್ಲ. ಹಾಗೇ ಇಟ್ಕೋ. ಆದರೆ ಹತ್ತು ವರ್ಷ ಆದಮೇಲೂ ಬೇಕು ಅನ್ನಿಸೋದು ಇರುತ್ತಲ್ಲ, ಅಜ್ಜಿ ಹೇಳಿದ ಶೇಂಗಾ ಚಟ್ನಿಪುಡಿಯ ಅಳತೆ, ನೀನು ಕದ್ದು ಬರೆಯೋ ಕವಿತೆ (ನಂಗೆ ಗೊತ್ತು ಬಿಡು), ಓದಿದ ಪುಸ್ತಕದ ಟಿಪ್ಪಣಿ, ಅದಕ್ಕೆ ಆಬ್ಸಿಡಿಯನ್ ಅಥವಾ ಜೋಪ್ಲಿನ್ ನೋಡು. ಆಬ್ಸಿಡಿಯನ್‌ನಲ್ಲಿ ಒಂದೊಂದು ನೋಟೂ ಒಂದೊಂದು ಸಾದಾ ಟೆಕ್ಸ್ಟ್ ಫೈಲ್, ನಿನ್ನದೇ ಫೋಲ್ಡರಿನಲ್ಲಿ ಇರುತ್ತೆ. ನಾಳೆ ಆ ಆ್ಯಪೇ ಮಾಯವಾದರೂ ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು. ಸ್ವಂತಕ್ಕೆ ಬಳಸೋಕೆ ದುಡ್ಡಿಲ್ಲ, ಫೋನು ಲ್ಯಾಪ್‌ಟಾಪು ಎರಡರಲ್ಲೂ ತಾನಾಗೇ ಹೊಂದಿಸೋ ಅವರ ಸಿಂಕ್ ಸೇವೆಗೆ ದುಡ್ಡು ಕೊಡಬೇಕು. ಅದು ಬೇಡ ಅಂದ್ರೆ ಜೋಪ್ಲಿನ್. ಅದು ಡ್ರಾಪ್‌ಬಾಕ್ಸ್, ಒನ್‌ಡ್ರೈವ್ ಮೂಲಕ ಸಿಂಕ್ ಆಗುತ್ತೆ, ಬೇಕಾದರೆ ಬೇರೆಯವರು ಓದದ ಹಾಗೆ ಎನ್‌ಕ್ರಿಪ್ಟ್ ಕೂಡ ಮಾಡಬಹುದು. ನೋಡೋಕೆ ಸ್ವಲ್ಪ ಒಣ ಒಣ. ನಂಗೇನೂ ತೊಂದರೆ ಇಲ್ಲ, ನಿನಗೆ ಹಿಡಿಸುತ್ತೋ ಇಲ್ವೋ.

ಯಾವುದೇ ಆಗಲಿ, ಕನ್ನಡದಲ್ಲಿ ಹುಡುಕಿದ್ರೆ ಸಿಗುತ್ತಾ ನೋಡು. ಯೂಟ್ಯೂಬಿನವರು ಇದನ್ನ ಹೇಳಲ್ಲ. ‘ಬಾಡಿಗೆಯ ಅಡ್ವಾನ್ಸ್ ಕೊಟ್ಟೆ’ ಅಂತ ಒಂದು ನೋಟ್ ಬರಿ, ಆಮೇಲೆ ‘ಬಾಡಿಗೆ’ ಅಂತ ಹುಡುಕು. ಪೂರ್ತಿ ಪದ ಹೊಂದಿದ್ರೆ ಮಾತ್ರ ತೋರಿಸೋ ಆ್ಯಪ್ ಆದ್ರೆ ಅದು ಸಿಗಲ್ಲ. ಸಿಕ್ಕರೂ ಒಂದು ಉಪಾಯ ತಿಳ್ಕೊ. ‘ಊರು’ ಅಂತ ಹುಡುಕಿದ್ರೆ ‘ಊರಿಗೆ’ ಬರಲ್ಲ, ಕೊನೆಯ ಕೊಂಬು ಬಿಟ್ಟು ‘ಊರ’ ಅಂತ ಹಾಕಿದ್ರೆ ಸಾಮಾನ್ಯವಾಗಿ ಎರಡೂ ಬರುತ್ತೆ. ಜತೆಗೆ ಏರೋಪ್ಲೇನ್ ಮೋಡ್ ಹಾಕಿ ಹಳೇ ನೋಟ್ ತೆರೆಯುತ್ತಾ ನೋಡಿಬಿಡು, ಬೇಕಾದಾಗಲೇ ಸಿಗ್ನಲ್ ಇರಲ್ಲ.

ಎಟಿಎಂ ಪಿನ್ನು, ಪಾಸ್‌ವರ್ಡು ಯಾವ ನೋಟಿನಲ್ಲೂ ಬೇಡ. ಅದಕ್ಕೆ ಪಾಸ್‌ವರ್ಡ್ ಮ್ಯಾನೇಜರ್ ಇವೆ.

ಇನ್ನೊಂದು. ಟ್ಯಾಗು, ಪ್ಲಗಿನ್ನು (ಆ್ಯಪ್‌ಗೆ ಆಮೇಲೆ ಸೇರಿಸಿಕೊಳ್ಳೋ ಪುಟ್ಟ ಸೌಲಭ್ಯ), ಡ್ಯಾಶ್‌ಬೋರ್ಡು ಅಂತ ಶುರು ಹಚ್ಕೊಂಡ್ರೆ ಬರೆಯೋ ಕೆಲಸ ಹಿಂದೆ ಬೀಳುತ್ತೆ. ಸುಮ್ನೆ ಒಂದೇ ಫೋಲ್ಡರ್ ಮಾಡಿ ಬರೀತಾ ಹೋಗು. ನೋಟು ಜಾಸ್ತಿಯಾಗಿ ಹುಡುಕೋದು ಕಷ್ಟ ಆದಾಗ ವಿಂಗಡಿಸಿದ್ರಾಯ್ತು.

ಈ ಭಾನುವಾರ ಲ್ಯಾಪ್‌ಟಾಪ್ ಹಿಡ್ಕೊಂಡು ಮನೆಗೆ ಬಾ. ಬರೋ ಮುಂಚೆ ಗೂಗಲ್ ಟೇಕ್‌ಔಟಿಗೆ (ಗೂಗಲ್‌ನಲ್ಲಿರೋ ನಿನ್ನ ಮಾಹಿತಿ ಇಳಿಸಿಕೊಳ್ಳೋ ಪುಟ) ಹೋಗಿ ಕೀಪ್ ಒಂದಕ್ಕೇ ಟಿಕ್ ಮಾಡಿ ಜಿಪ್ ಫೈಲ್ ತರಿಸಿಕೊಂಡಿರು. ಆಬ್ಸಿಡಿಯನ್‌ಗೆ ಅವರದೇ ಇಂಪೋರ್ಟರ್ ಪ್ಲಗಿನ್ ಇದೆ, ಆ ಜಿಪ್ ಅದಕ್ಕೆ ಕೊಟ್ಟರೆ ಹಳೇದೆಲ್ಲ ಬಂದು ಕೂರುತ್ತೆ. ಹೇಗೂ ಬರ್ತೀಯಲ್ಲ, ನಿಮ್ಮಪ್ಪನ ಆ ಹಳೇ ಪೆನ್‌ಡ್ರೈವೂ ತಗೊಂಡು ಬಾ, ಅದರಲ್ಲಿ ಏನಿದೆ ಅಂತ ಅವನಿಗೇ ನೆನಪಿಲ್ಲ.

ನಿನ್ನ
ಅತ್ತೆ