ಗೆಳೆಯನಿಗೊಂದು ಪತ್ರ: ಒಂಬತ್ತು ಡಿಸ್ಕುಗಳು, ಒಂದು ಸ್ಕ್ರಿಪ್ಟ್

ಜಯನಗರ, ಬೆಂಗಳೂರು
ಬುಧವಾರ ರಾತ್ರಿ

ಪ್ರೀತಿಯ ಗೆಳೆಯಾ,

ಭಾನುವಾರ ನಿನ್ನ ಸ್ಟುಡಿಯೊದಿಂದ ಹೊರಟಾಗ ಗಾಂಧಿ ಬಜಾರಿನ ಹೂವಿನವರು ಬುಟ್ಟಿ ಎತ್ತಿಡುತ್ತಿದ್ದರು. ಮನೆಗೆ ಬಂದ ಮೇಲೂ ನಿನ್ನ ಕಂಪ್ಯೂಟರಿನ ಆ ಹಸಿರು ಪಟ್ಟಿಯೇ ಕಣ್ಣ ಮುಂದಿತ್ತು. ಮುಕ್ಕಾಲು ತುಂಬಿ ನಿಂತುಬಿಟ್ಟಿತ್ತು. ಇನ್ನು 2 ಗಂಟೆ ಎಂದದ್ದು ಐದು ನಿಮಿಷದಲ್ಲಿ ಇನ್ನು 1 ದಿನ ಎಂದಿತು. ಅಷ್ಟರಲ್ಲಿ ಕರೆಂಟು ಹೋಯಿತು. ಮರಳಿ ಬಂದಾಗ ಎಷ್ಟು ಫೋಟೊ ಹೊಸ ಡಿಸ್ಕಿಗೆ ಸೇರಿವೆ, ಎಷ್ಟು ಉಳಿದಿವೆ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬದೊಳಗೆ ಒಂಬತ್ತು ಡಿಸ್ಕುಗಳು. ಒಂದೊಂದರ ಮೇಲೂ ಬಿಳಿ ಟೇಪು ಅಂಟಿಸಿ ನಿಮ್ಮ ತಂದೆಯವರು ಮುತ್ತು ಪೋಣಿಸಿದಂತೆ ಬರೆದಿದ್ದಾರೆ: ‘ಮದುವೆ, ಮುಂಜಿ 2008’, ‘ಶಾಲೆ ವಾರ್ಷಿಕೋತ್ಸವ’, ‘ಛತ್ರ, ಪೂರ್ತಿ’.

ಇವನ್ನೆಲ್ಲ ಹೊಸ ಡಿಸ್ಕಿಗೆ ನಕಲು ಮಾಡುವ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಫೈಲು, ಬರೆದುಕೊಡು ಎಂದು ನೀನು ಕೇಳಿದೆ. ಬರೆದು ಕಳುಹಿಸುವುದು ಹತ್ತು ನಿಮಿಷದ ಕೆಲಸ. ಆದರೆ ನಿನಗೆ ಅರ್ಥವಾಗದ ಸ್ಕ್ರಿಪ್ಟನ್ನು ಆ ಡಿಸ್ಕುಗಳ ಮೇಲೆ ಓಡಿಸಲು ನನಗೆ ಮನಸ್ಸಿಲ್ಲ. ಆದ್ದರಿಂದ ಒಂದೊಂದು ಪದವನ್ನೂ ಬಿಡಿಸಿ ಬರೆಯುತ್ತೇನೆ, ನೀನೇ ಟೈಪ್ ಮಾಡು. ಹಳೆಯ ಡಿಸ್ಕುಗಳನ್ನು ಕಪಾಟಿನಲ್ಲಿ ಇಟ್ಟುಕೊಂಡು ಇದೇ ಪೇಚಿಗೆ ಸಿಕ್ಕವರು ಇನ್ನೂ ಬಹಳ ಮಂದಿ ಇದ್ದಾರೆ. ಅವರಿಗೂ ಉಪಯೋಗವಾಗಲಿ ಎಂದು ಪತ್ರವನ್ನು ಎಲ್ಲರೂ ಓದುವಂತೆ ಇಡುತ್ತಿದ್ದೇನೆ. ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ಫೋನಿನಲ್ಲಿ ಹೇಳಿದಂತೆ ಎಂದುಕೋ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳು.

ಮೌಸ್ ಹಿಡಿದು ಎಳೆದುಬಿಡುವ ನಕಲಿಗೆ ನೆನಪಿನ ಶಕ್ತಿ ಇಲ್ಲ. ನಡುವೆ ನಿಂತರೆ ಮತ್ತೆ ಮೊದಲಿನಿಂದ ಶುರು. ‘ಈ ಫೈಲು ಆಗಲೇ ಇದೆ, ಏನು ಮಾಡಲಿ?’ ಎಂದು ಅದು ಕೇಳುವಾಗ ಉತ್ತರ ನಮಗೂ ಗೊತ್ತಿರುವುದಿಲ್ಲ. ನಿನಗೆ ಬೇಕಾದದ್ದು ಎಷ್ಟು ಬಾರಿ ಓಡಿಸಿದರೂ ಏನೂ ಕೆಡದ ನಕಲು. ಕರೆಂಟು ಹೋದರೆ ಮತ್ತೆ ಓಡಿಸು, ಕೇಬಲ್ ಸಡಿಲವಾದರೆ ಮತ್ತೆ ಓಡಿಸು. ಸೇರಿದ್ದನ್ನು ಬಿಟ್ಟು ಉಳಿದದ್ದನ್ನಷ್ಟೇ ಅದು ಕೈಗೆತ್ತಿಕೊಳ್ಳಬೇಕು. ಸ್ಕ್ರಿಪ್ಟು ಬೇಕಾಗಿರುವುದು ಇದಕ್ಕೆ. ವೇಗ ಆಮೇಲಿನ ಮಾತು.

ಈ ಕೆಲಸಕ್ಕೆ ರೋಬೊಕಾಪಿ ಎಂಬ ಆಜ್ಞೆ ಇದೆ. ವಿಂಡೋಸ್ ವಿಸ್ಟಾ ಕಾಲದಿಂದಲೂ ವಿಂಡೋಸಿನ ಜೊತೆಗೇ ಬರುತ್ತಿದೆ, ಹೊಸದಾಗಿ ಏನನ್ನೂ ಹಾಕಿಕೊಳ್ಳಬೇಕಾಗಿಲ್ಲ. ಅದರ ವ್ಯಾಕರಣ ಸರಳ: ಮೊದಲು ಆಜ್ಞೆಯ ಹೆಸರು, ನಂತರ ಎಲ್ಲಿಂದ, ನಂತರ ಎಲ್ಲಿಗೆ, ಕೊನೆಯಲ್ಲಿ ಹೇಗೆ ಎಂದು ಹೇಳುವ ಸ್ಲ್ಯಾಶ್‌ಗಳು. ನಿನ್ನ ಮೊದಲ ಡಿಸ್ಕಿಗೆ ಹೀಗಿರಲಿ:

ರೋಬೊಕಾಪಿ ಇ:\ ಎಚ್:\ಸ್ಟುಡಿಯೊ\ಡಿಸ್ಕ್1 /ಇ /ಆರ್:2 /ಡಬ್ಲ್ಯು:5 /ಎಲ್

ಇ ಎಂಬುದು ಹಳೆಯ ಡಿಸ್ಕು, ಎಚ್ ಎಂಬುದು ಹೊಸದು. ಸ್ಲ್ಯಾಶ್ ಇ ಎಂದರೆ ಒಳಗಿನ ಫೋಲ್ಡರುಗಳೆಲ್ಲ ಬರಲಿ, ಖಾಲಿ ಇರುವವೂ ಸೇರಿ.

ಆರ್ ಮತ್ತು ಡಬ್ಲ್ಯು ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಹೊಸಬರು ಎಡವುವುದೇ ಇಲ್ಲಿ. ಒಂದು ಫೈಲು ಓದಲು ಬಾರದಿದ್ದರೆ ರೋಬೊಕಾಪಿ ಕಾದು ಮತ್ತೆ ಪ್ರಯತ್ನಿಸುತ್ತದೆ. ನಾವು ಏನೂ ಹೇಳದಿದ್ದರೆ 30 ಸೆಕೆಂಡು ಕಾಯುತ್ತದೆ, ಹಾಗೆ 10 ಲಕ್ಷ ಬಾರಿ ಪ್ರಯತ್ನಿಸುತ್ತದೆ. ಲೆಕ್ಕ ಹಾಕಿ ನೋಡು: ಒಂದೇ ಒಂದು ಕೆಟ್ಟ ಫೋಟೊದ ಮುಂದೆ 347 ದಿನ ಕೂತಿರುತ್ತದೆ. ಹದಿನೈದು ವರ್ಷದ ಹಿಂದಿನ ಡಿಸ್ಕಿನಲ್ಲಿ ಕೆಟ್ಟ ಫೈಲು ಒಂದಾದರೂ ಇರಬಹುದು. ‘ರಾತ್ರಿ ಹಾಕಿ ಮಲಗಿದೆ, ಬೆಳಿಗ್ಗೆ ನೋಡಿದರೆ ಅಲ್ಲೇ ನಿಂತಿದೆ’ ಎಂದು ಜನ ಹೇಳುವುದಕ್ಕೆ ಹಲವು ಸಲ ಇದೇ ಕಾರಣ. ಆರ್ 2, ಡಬ್ಲ್ಯು 5 ಎಂದರೆ ಎರಡೇ ಬಾರಿ ಮರುಪ್ರಯತ್ನ, ನಡುವೆ 5 ಸೆಕೆಂಡು. ಬರದಿದ್ದರೆ ದಾಖಲೆಯಲ್ಲಿ ಬರೆದಿಟ್ಟು ಮುಂದೆ ಹೋಗುತ್ತದೆ. ಡಿಸ್ಕು ಸಾಯುವ ಮುನ್ನ ಚೆನ್ನಾಗಿರುವ ಸಾವಿರಾರು ಫೋಟೊಗಳನ್ನು ಮೊದಲು ದಡ ಸೇರಿಸಬೇಕು. ಹಟ ಮಾಡುವ ಒಂದೆರಡನ್ನು ಆಮೇಲೆ ವಿಚಾರಿಸೋಣ.

ಕೊನೆಯ ಸ್ಲ್ಯಾಶ್ ಎಲ್ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಅದು ಇದ್ದರೆ ರೋಬೊಕಾಪಿ ಏನನ್ನೂ ಮುಟ್ಟುವುದಿಲ್ಲ. ‘ಹೇಳಿದ್ದರೆ ಇಷ್ಟು ಮಾಡುತ್ತಿದ್ದೆ’ ಎಂದು ಪಟ್ಟಿ ಮಾತ್ರ ಕೊಡುತ್ತದೆ. ಪ್ರತಿ ಡಿಸ್ಕಿಗೂ ಮೊದಲು ಎಲ್ ಹಾಕಿ ಓಡಿಸು, ಪಟ್ಟಿಯನ್ನು ಕಣ್ಣಾರೆ ನೋಡು. ಸರಿ ಎನಿಸಿದ ಮೇಲೆ ಎಲ್ ತೆಗೆದು ಮತ್ತೆ ಓಡಿಸು.

ಈಗ ನನ್ನ ಕಥೆ. 2016ರಲ್ಲಿ ಊರಿಗೆ ಹೋದಾಗಲೆಲ್ಲ ಅಜ್ಜಿಯ ಬೀಸುವ ಪದಗಳನ್ನು ಮೊಬೈಲಿನಲ್ಲಿ ಹಿಡಿದು ತಂದು ಒಂದು ಡಿಸ್ಕಿನಲ್ಲಿ ಕೂಡಿಟ್ಟಿದ್ದೆ. ಎರಡನೆಯ ಪ್ರತಿ ಇರಲಿ ಎಂದು ಹೊಸ ಡಿಸ್ಕು ತಂದೆ. ಎಲ್ಲೋ ಓದಿದ ಒಂದು ಸಾಲನ್ನು ಹಾಗೆಯೇ ಅಂಟಿಸಿ ಎಂಟರ್ ಒತ್ತಿದೆ. ಅದರಲ್ಲಿ ಸ್ಲ್ಯಾಶ್ ಎಂಐಆರ್ ಇತ್ತು. ಅದು ಮಿರರ್ ಎಂಬುದರ ಸಂಕ್ಷೇಪ: ಸೇರುವ ಜಾಗವನ್ನು ಹೊರಡುವ ಜಾಗದ ಪಡಿಯಚ್ಚು ಮಾಡುತ್ತದೆ, ಮೂಲದಲ್ಲಿ ಇಲ್ಲದ್ದು ಅಲ್ಲಿದ್ದರೆ ಅಳಿಸಿಹಾಕುತ್ತದೆ. ಆ ದಿನ ಡಿಸ್ಕುಗಳನ್ನು ಹಿಂದುಮುಂದಾಗಿ ಸಿಕ್ಕಿಸಿದ್ದರಿಂದ ಇ ಮತ್ತು ಎಫ್ ಅದಲುಬದಲಾಗಿದ್ದವು. ಖಾಲಿ ಡಿಸ್ಕು ಮೂಲವಾಯಿತು, ಅಜ್ಜಿಯ ದನಿ ಇದ್ದದ್ದು ಅದರ ಪಡಿಯಚ್ಚಾಯಿತು. ಕೆಲವೇ ಕ್ಷಣದ ಕೆಲಸ. ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಿ ಒಬ್ಬರು ಮೂರು ದಿನ ಕೂತು ಸುಮಾರು ಅರ್ಧದಷ್ಟನ್ನು ಮರಳಿಸಿಕೊಟ್ಟರು. ಹೆಸರು, ತಾರೀಖು ಯಾವುದೂ ಇಲ್ಲ, ಬರೀ ಅಂಕಿಗಳು. ರಾಗಿ ಬೀಸುವಾಗ ತವರನ್ನು ನೆನೆದು ಹಾಡುವ ಒಂದು ಪದವಿತ್ತು, ಅದು ಸಿಗಲೇ ಇಲ್ಲ. ಮತ್ತೆ ಹಾಡಿಸೋಣವೆಂದರೆ ಅಜ್ಜಿ ಅಷ್ಟು ಹೊತ್ತಿಗೆ ಇರಲಿಲ್ಲ.

ಅದಕ್ಕೇ ಹೇಳುತ್ತೇನೆ, ಎಂಐಆರ್ ಮುಟ್ಟಬೇಡ. ಸ್ಲ್ಯಾಶ್ ಇ ಸೇರುವ ಜಾಗದಲ್ಲಿ ಏನನ್ನೂ ಅಳಿಸುವುದಿಲ್ಲ, ನಿನ್ನ ಕೆಲಸಕ್ಕೆ ಅದು ಸಾಕು. ಜೊತೆಗೆ ಸ್ಕ್ರಿಪ್ಟಿಗೆ ಒಂದು ಕಾವಲನ್ನು ಇಡು. ನಕಲಿನ ಸಾಲಿಗೆ ಮುಂಚೆ ‘ಇಫ್ ನಾಟ್ ಎಗ್ಸಿಸ್ಟ್’ ಎಂದು ಬರೆದು, ಆ ಡಿಸ್ಕಿನಲ್ಲಿ ಖಂಡಿತ ಇರುವ ಒಂದು ಫೋಲ್ಡರಿನ ವಿಳಾಸವನ್ನು ಕೊಡು. ಆ ಫೋಲ್ಡರು ಕಾಣದಿದ್ದರೆ ‘ಡಿಸ್ಕು ಬದಲಾಗಿದೆ’ ಎಂದು ತೋರಿಸಿ ಸ್ಕ್ರಿಪ್ಟು ಅಲ್ಲೇ ನಿಲ್ಲಲಿ. ಡ್ರೈವಿನ ಅಕ್ಷರ ಸಿಕ್ಕಿಸಿದ ಕ್ರಮದಂತೆ ಬದಲಾಗಬಹುದು, ಒಳಗಿನ ಫೋಲ್ಡರು ಬದಲಾಗುವುದಿಲ್ಲ.

ಒಂಬತ್ತು ಡಿಸ್ಕನ್ನೂ ಒಂದೇ ಫೋಲ್ಡರಿಗೆ ಸುರಿಯುತ್ತೇನೆ ಎಂದು ನೀನು ಹೇಳಿದ್ದೆ. ದಯವಿಟ್ಟು ಬೇಡ. ಕ್ಯಾಮೆರಾ ಫೋಟೊಗಳಿಗೆ 0001ರಿಂದ 9999ರವರೆಗೆ ಹೆಸರು ಕೊಟ್ಟು ಮತ್ತೆ 0001ಕ್ಕೆ ಮರಳುತ್ತದೆ. 2008ರ ಧಾರೆಯ ಫೋಟೊಗೂ 2011ರ ನಾಮಕರಣದ ಫೋಟೊಗೂ ಒಂದೇ ಹೆಸರಿರಬಹುದು. ಒಂದೇ ಜಾಗಕ್ಕೆ ಬಂದರೆ ಒಂದು ಇನ್ನೊಂದನ್ನು ನುಂಗುತ್ತದೆ, ನುಂಗಿದ್ದು ಯಾರಿಗೂ ತಿಳಿಯುವುದಿಲ್ಲ. ಮೇಲಿನ ಸಾಲಿನಲ್ಲಿ ‘ಡಿಸ್ಕ್1’ ಎಂದು ಬೇರೆ ಫೋಲ್ಡರು ಮಾಡಿದ್ದು ಇದಕ್ಕಾಗಿಯೇ. ಮುಂದಿನದಕ್ಕೆ ಡಿಸ್ಕ್2, ಹೀಗೆ ಒಂಬತ್ತರವರೆಗೆ. ಜೋಡಿಸುವುದು, ಹೆಸರು ಬದಲಿಸುವುದು ಎಲ್ಲ ಆಮೇಲೆ, ಹೊಸ ಪ್ರತಿಯ ಮೇಲೆ. ಹಳೆಯ ಡಿಸ್ಕಿನಲ್ಲಿ ಒಂದು ಅಕ್ಷರವನ್ನೂ ಬದಲಿಸಬೇಡ.

ಸ್ಕ್ರಿಪ್ಟನ್ನು ನೋಟ್‌ಪ್ಯಾಡಿನಲ್ಲಿ ಬರೆದು ‘.ಬ್ಯಾಟ್’ ಎಂದು ಕೊನೆಯಾಗುವ ಹೆಸರಿನಲ್ಲಿ ಉಳಿಸು. ಉಳಿಸುವಾಗ ಫೈಲಿನ ಬಗೆ ಎಂಬಲ್ಲಿ ‘ಆಲ್ ಫೈಲ್ಸ್’ ಆರಿಸಬೇಕು, ಇಲ್ಲವಾದರೆ ನಿನಗೆ ಕಾಣದಂತೆ ಬಾಲಕ್ಕೆ ‘.ಟಿಎಕ್ಸ್‌ಟಿ’ ಸೇರಿಕೊಂಡು ಸ್ಕ್ರಿಪ್ಟು ಓಡುವುದೇ ಇಲ್ಲ. ಕೊನೆಯ ಸಾಲಿನಲ್ಲಿ ‘ಪಾಜ್’ (ಪಿ, ಎ, ಯು, ಎಸ್, ಇ) ಎಂಬ ಪದ ಇರಲಿ. ಅದಿಲ್ಲದಿದ್ದರೆ ಕೆಲಸ ಮುಗಿದ ಕೂಡಲೇ ಆಜ್ಞೆಗಳು ಓಡುವ ಕಪ್ಪು ಕಿಟಕಿ ಮುಚ್ಚಿಹೋಗಿ ಏನಾಯಿತೆಂದು ಓದಲು ಸಿಗುವುದಿಲ್ಲ. ಅನೇಕರು ಮೊದಲ ಸಾಲಿನಲ್ಲೇ ‘ಎಕೊ ಆಫ್’ ಬರೆಯುತ್ತಾರೆ, ನೀನು ಬರೆಯಬೇಡ. ಕಲಿಯುವ ದಿನಗಳಲ್ಲಿ ಪ್ರತಿ ಸಾಲೂ ತೆರೆಯ ಮೇಲೆ ಕಾಣುತ್ತಿರಬೇಕು.

ನಿಮ್ಮ ತಂದೆಯವರು ಕೆಲವು ಫೋಲ್ಡರುಗಳಿಗೆ ಕನ್ನಡದಲ್ಲೇ ಹೆಸರಿಟ್ಟಿದ್ದಾರೆ, ನೋಡಿ ಸಂತೋಷವಾಯಿತು. ಕಪ್ಪು ಕಿಟಕಿಯಲ್ಲಿ ಅವು ಚೌಕಗಳಾಗಿ ಕಂಡರೆ ಹೆದರಬೇಡ. ಅದು ಆ ಕಿಟಕಿಯ ಅಕ್ಷರವಿನ್ಯಾಸದ ಕೊರತೆ, ನಕಲು ಸರಿಯಾಗಿಯೇ ಆಗುತ್ತದೆ. ಸ್ಕ್ರಿಪ್ಟಿನೊಳಗೆ ನೀನೇ ಕನ್ನಡ ಹೆಸರು ಬರೆಯುವುದಾದರೆ ಫೈಲನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಉಳಿಸಿ, ಮೊದಲ ಸಾಲಿನಲ್ಲಿ ‘ಸಿಎಚ್‌ಸಿಪಿ 65001’ ಹಾಕು. ನಡೆದದ್ದನ್ನೆಲ್ಲ ಒಂದು ಫೈಲಿನಲ್ಲಿ ದಾಖಲಿಸಿಡಲು ಸ್ಲ್ಯಾಶ್ ಲಾಗ್ ಬದಲು ಸ್ಲ್ಯಾಶ್ ಯುನಿಲಾಗ್ ಬಳಸು, ಕನ್ನಡ ಹೆಸರುಗಳು ಪ್ರಶ್ನೆಚಿಹ್ನೆಗಳಾಗದೆ ಉಳಿಯುತ್ತವೆ. ವಿಳಾಸದಲ್ಲಿ ಎಲ್ಲಾದರೂ ಖಾಲಿ ಜಾಗವಿದ್ದರೆ ಇಡೀ ವಿಳಾಸವನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಆದರೆ ಮುಚ್ಚುವ ಚಿಹ್ನೆಗೆ ತಾಗಿ ಹಿಮ್ಮುಖ ಸ್ಲ್ಯಾಶ್ ಬರಬಾರದು. ಬಂದರೆ ಆ ಚಿಹ್ನೆಯೂ ವಿಳಾಸದ ಭಾಗವೆಂದು ತಿಳಿದು ಎಲ್ಲಿಂದ, ಎಲ್ಲಿಗೆ ಎರಡನ್ನೂ ಒಂದಾಗಿ ಓದಿಬಿಡುತ್ತದೆ. ಇದೊಂದು ಹಿಡಿಯಲು ನನಗೆ ಒಂದು ಇಡೀ ಸಂಜೆ ಬೇಕಾಯಿತು.

ಇನ್ನೊಂದು ಗಾಬರಿ ನಿನಗೆ ಕಾದಿದೆ. ಇ:\ ಎಂಬಂತೆ ಇಡೀ ಡ್ರೈವಿನ ಬೇರಿನಿಂದ ನಕಲು ಮಾಡಿದಾಗ, ಎಲ್ಲ ಸೇರಿದ ಮೇಲೂ ಹೊಸ ಡಿಸ್ಕಿನಲ್ಲಿ ‘ಡಿಸ್ಕ್1’ ಫೋಲ್ಡರು ಕಾಣದೇ ಹೋಗಬಹುದು. ಹೋಗಿಲ್ಲ, ಅಡಗಿದೆ ಅಷ್ಟೇ. ಡ್ರೈವಿನ ಬೇರಿಗೆ ಇರುವ ‘ಅಡಗಿದ’, ‘ಸಿಸ್ಟಂ’ ಎಂಬ ಗುರುತುಗಳು ಫೋಲ್ಡರಿಗೂ ಅಂಟಿಕೊಂಡಿರುತ್ತವೆ. ‘ಆಟ್ರಿಬ್’ ಎಂದು ಬರೆದು, ಮೈನಸ್ ಎಸ್, ಮೈನಸ್ ಎಚ್, ಆಮೇಲೆ ಫೋಲ್ಡರಿನ ವಿಳಾಸ ಕೊಟ್ಟರೆ ಎದುರಿಗೆ ಬಂದು ನಿಲ್ಲುತ್ತದೆ.

ಹೊಸ ಡಿಸ್ಕನ್ನು ಎನ್‌ಟಿಎಫ್‌ಎಸ್ ಮಾದರಿಯಲ್ಲಿ ಸಿದ್ಧಮಾಡಿಕೋ. ಫ್ಯಾಟ್32 ಆದರೆ 4 ಜಿಬಿಗಿಂತ ದೊಡ್ಡ ಮದುವೆ ವಿಡಿಯೊ ಅದರಲ್ಲಿ ಕೂರುವುದಿಲ್ಲ. ಕೇಬಲನ್ನು ನೀಲಿ ಬಣ್ಣದ ಯುಎಸ್‌ಬಿ ಕಿಂಡಿಗೆ ಹಾಕು, ಸಾಮಾನ್ಯವಾಗಿ ಅದೇ ವೇಗದ್ದು. ಹಳೆಯ ಕಿಂಡಿಯಲ್ಲಿ ಸೆಕೆಂಡಿಗೆ 30 ಎಂಬಿ ಸಿಕ್ಕರೆ 1 ಟಿಬಿ ಸಾಗಲು ಒಂಬತ್ತು ಗಂಟೆಗೂ ಮೇಲೆ ಬೇಕು. ಸ್ಲ್ಯಾಶ್ ಎಂಟಿ ಹಾಕಿದರೆ ಒಮ್ಮೆಗೆ ಹಲವು ಫೈಲು ಸಾಗುತ್ತವೆ ಎಂದು ಯಾರಾದರೂ ಹೇಳುತ್ತಾರೆ. ನಿಜ, ಆದರೆ ತಿರುಗುವ ಹಳೆಯ ಡಿಸ್ಕಿನ ಮುಳ್ಳನ್ನು ಅತ್ತಿಂದಿತ್ತ ಓಡಾಡಿಸುವುದು ನನಗೆ ಒಪ್ಪಿಗೆಯಿಲ್ಲ. ನಿಧಾನವಾದರೂ ಆಗಲಿ. ಕಂಪ್ಯೂಟರು ನಡುರಾತ್ರಿ ತಾನೇ ನಿದ್ದೆಗೆ ಹೋಗದಂತೆ ಪವರ್ ಸೆಟ್ಟಿಂಗ್ ಬದಲಿಸುವುದನ್ನು ಮರೆಯಬೇಡ.

ಮುಗಿದ ಮೇಲೆ ಒಂದು ಕೋಷ್ಟಕ ಬರುತ್ತದೆ. ಫೈಲುಗಳ ಸಾಲನ್ನು ಬೆರಳಿಟ್ಟು ಓದು: ಒಟ್ಟು ಎಷ್ಟು, ನಕಲಾದದ್ದೆಷ್ಟು, ಬಿಟ್ಟದ್ದೆಷ್ಟು, ವಿಫಲವಾದದ್ದೆಷ್ಟು. ವಿಫಲ ಎಂಬಲ್ಲಿ ಸೊನ್ನೆ ಇರಬೇಕು. ನಂತರ ಅದೇ ಸ್ಕ್ರಿಪ್ಟನ್ನು ಇನ್ನೊಮ್ಮೆ ಓಡಿಸು. ಈ ಬಾರಿ ನಕಲಾದದ್ದು 0 ಎಂದು ಬಂದರೆ ಎರಡೂ ಕಡೆ ಲೆಕ್ಕ ಕೂಡಿತು. ಇನ್ನೊಂದು ವಿಚಿತ್ರ: ಬೇರೆ ಆಜ್ಞೆಗಳಲ್ಲಿ ಮುಗಿಯುವಾಗಿನ ಸಂಕೇತ 0 ಇದ್ದರೆ ಯಶಸ್ಸು, ಉಳಿದದ್ದೆಲ್ಲ ದೋಷ. ರೋಬೊಕಾಪಿಯಲ್ಲಿ 1 ಎಂದರೆ ಫೈಲುಗಳು ಚೆನ್ನಾಗಿ ನಕಲಾದವು ಎಂದರ್ಥ. 8 ಅಥವಾ ಅದಕ್ಕೂ ಮೇಲೆ ಬಂದರೆ ಮಾತ್ರ ಚಿಂತಿಸು.

ರೋಬೊಕಾಪಿ ಹೋಲಿಸುವುದು ಫೈಲಿನ ಗಾತ್ರವನ್ನೂ ಸಮಯವನ್ನೂ ಮಾತ್ರ, ಒಳಗಿನ ಚಿತ್ರವನ್ನು ನೋಡುವುದಿಲ್ಲ. ಆದ್ದರಿಂದ ಪ್ರತಿ ಡಿಸ್ಕಿನಿಂದ ಹತ್ತಿಪ್ಪತ್ತು ಫೋಟೊಗಳನ್ನು ಹೊಸ ಪ್ರತಿಯಲ್ಲಿ ತೆರೆದು ನೋಡು. ತೀರಾ ಮುಖ್ಯವಾದವಕ್ಕೆ ವಿಂಡೋಸಿನಲ್ಲೇ ಇರುವ ಇನ್ನೊಂದು ಆಜ್ಞೆ ಕಿಟಕಿಯಾದ ಪವರ್‌ಶೆಲ್‌ನಲ್ಲಿ ‘ಗೆಟ್-ಫೈಲ್‌ಹ್ಯಾಶ್’ ಎಂಬ ಆಜ್ಞೆ ಇದೆ. ಫೈಲಿನ ಒಳಗನ್ನೆಲ್ಲ ಓದಿ 64 ಅಕ್ಷರಗಳ ಬೆರಳಚ್ಚೊಂದನ್ನು ಕೊಡುತ್ತದೆ. ಹಳೆಯದರದ್ದೂ ಹೊಸದರದ್ದೂ ಒಂದೇ ಆಗಿದ್ದರೆ ಎರಡೂ ಒಂದೇ ಫೋಟೊ.

ಲಿನಕ್ಸ್ ಬಳಸುವ ನಿನ್ನ ಅಕ್ಕನ ಮಗ ಆರ್‌ಸಿಂಕ್ ಒಳ್ಳೆಯದು ಎಂದನಲ್ಲ, ಅವನ ಮಾತು ಸರಿ. ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ 1996ರಲ್ಲಿ ಕೊಟ್ಟ ಆ ನಕಲು ಸಾಧನವನ್ನು ನಾನೂ ಕಚೇರಿಯಲ್ಲಿ ದಿನವೂ ಬಳಸುತ್ತೇನೆ. ಅದರಲ್ಲಿ ಮೂಲದ ವಿಳಾಸದ ತುದಿಗೆ ಸ್ಲ್ಯಾಶ್ ಇದ್ದರೆ ಫೋಲ್ಡರಿನ ಒಳಗಿರುವುದು ಮಾತ್ರ ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರೇ ಹೋಗುತ್ತದೆ ಎಂದು ಅವನಿಗೆ ನೆನಪಿಸು. ನಿನ್ನ ಸ್ಟುಡಿಯೊದಲ್ಲಿ ಇರುವುದು ವಿಂಡೋಸ್, ಅಲ್ಲಿ ರೋಬೊಕಾಪಿಯೇ ಇರಲಿ.

ನಾಳೆ ಒಂದನೆಯ ಡಿಸ್ಕಿಗೆ ಎಲ್ ಹಾಕಿ ಓಡಿಸಿ, ಬಂದ ಪಟ್ಟಿಯ ಫೋಟೊ ತೆಗೆದು ಕಳುಹಿಸು. ನಾನು ನೋಡಿ ಹೇಳುವವರೆಗೆ ಎಲ್ ತೆಗೆಯಬೇಡ. ‘ಛತ್ರ, ಪೂರ್ತಿ’ ಎಂದು ಬರೆದಿರುವ ಡಿಸ್ಕನ್ನು ಮಾತ್ರ ಮುಟ್ಟಲೇಬೇಡ. ಭಾನುವಾರ ಸಿಕ್ಕಿಸಿದಾಗ ಅದು ಟಕ್ ಟಕ್ ಎಂದು ಬಡಿದುಕೊಂಡದ್ದು ನನಗೆ ಕೇಳಿಸಿತು. ಅದು ಒಳಗಿನ ಯಂತ್ರದ ತೊಂದರೆ, ಯಾವ ಸ್ಕ್ರಿಪ್ಟೂ ಅದನ್ನು ಸರಿಮಾಡಲಾರದು. ಪ್ರತಿ ಬಾರಿ ಸಿಕ್ಕಿಸಿದಾಗಲೂ ಇನ್ನಷ್ಟು ಹಾಳಾಗುತ್ತದೆ. ಬಟ್ಟೆಯಲ್ಲಿ ಸುತ್ತಿ ಬೇರೆ ಇಡು. ಶನಿವಾರ ಮಧ್ಯಾಹ್ನ ಬರುತ್ತೇನೆ, ಇಬ್ಬರೂ ಅದನ್ನು ಎಸ್.ಪಿ. ರಸ್ತೆಗೆ ತೆಗೆದುಕೊಂಡು ಹೋಗೋಣ.

ನಿನ್ನ ಗೆಳೆಯ