ಐಸ್ ಕಟ್ಟಿದ ದಾರಿಯಲ್ಲಿ ಬೆನ್ನು ಹತ್ತಬೇಡಿ

ಸಂಪಾದಕರಿಗೆ,

ಮಾನ್ಯರೇ,

ಓದಲೋ ಕೆಲಸಕ್ಕೋ ಲಂಡನ್ನಿಗೆ ಬರುವ ನಮ್ಮ ಕಡೆಯ ಹುಡುಗ ಹುಡುಗಿಯರಲ್ಲಿ ಅನೇಕರು ರೈಲಿನ ಖರ್ಚು ನೋಡಿ ಸೈಕಲ್ ಕೊಳ್ಳುತ್ತಾರೆ. ಜೊತೆಗೆ ಇಲ್ಲಿನ ಒಂದು ಚಟವೂ ಅಂಟಿಕೊಳ್ಳುತ್ತದೆ: ಆಫೀಸಿಗೆ ಹೋಗುವಾಗ ಮುಂದಿರುವ ಅಪರಿಚಿತ ಸೈಕಲ್ಲಿಗನನ್ನು ಹಿಂದೆ ಹಾಕುವುದು. ತಾನು ಪಂದ್ಯದಲ್ಲಿದ್ದೇನೆಂದು ಆ ಪುಣ್ಯಾತ್ಮನಿಗೆ ಗೊತ್ತೇ ಇರುವುದಿಲ್ಲ. ಬರೆದಿಡದ ನಿಯಮಗಳೂ ಇವೆ. ಕೆಂಪು ದೀಪ ಹಾರಿ ಗೆದ್ದರೆ ಗೆಲುವಲ್ಲ. ಪುಟ್ಟ ಚಕ್ರದ, ಮಡಿಸುವ ಬ್ರಾಂಪ್ಟನ್ ಸೈಕಲ್ಲಿನವರು ಹಿಂದೆ ಹಾಕಿದರೆ ಮಾನ ಹೋಯಿತು. ಬ್ಯಾಟರಿ ಸೈಕಲ್ ಲೆಕ್ಕಕ್ಕಿಲ್ಲ. ಆದರೂ ಗಂಟೆಗೆ 25 ಕಿ.ಮೀ. ದಾಟಿದ ಮೇಲೆ ಅದರ ಮೋಟಾರು ನೆರವು ನಿಲ್ಲಿಸಬೇಕೆಂಬ ಕಾನೂನಿರುವುದರಿಂದ ಸಮತಟ್ಟಾದ ದಾರಿಯಲ್ಲಿ ಗಟ್ಟಿ ಕಾಲಿನವರು ಅದನ್ನೂ ಹಿಡಿಯುತ್ತಾರೆ.

ಬ್ರಿಟನ್ನಿನ 1988ರ ರಸ್ತೆ ಸಂಚಾರ ಕಾಯ್ದೆಯ 31ನೇ ಕಲಮಿನ ಪ್ರಕಾರ ಅನುಮತಿಯಿಲ್ಲದೆ ಸಾರ್ವಜನಿಕ ದಾರಿಯಲ್ಲಿ ಸೈಕಲ್ ಪಂದ್ಯ ನಡೆಸುವುದೂ ಅದರಲ್ಲಿ ಸೇರುವುದೂ ಅಪರಾಧ. ಒಬ್ಬನಿಗಷ್ಟೇ ಗೊತ್ತಿರುವ ಪಂದ್ಯ ಅದರಡಿ ಬರುತ್ತದೆಯೇ ಎನ್ನುವುದು ವಕೀಲರ ತಲೆನೋವು. ನಮ್ಮ ಚಿಂತೆ ಚಳಿಗಾಲದ್ದು.

ಹವಾಮಾನ ವರದಿಯಲ್ಲಿ 3 ಡಿಗ್ರಿ ಎಂದಿದ್ದರೆ ಐಸ್ ಇರದು ಎಂದು ಹೊಸಬರು ನಂಬುತ್ತಾರೆ. ಆ ಅಂಕಿ ನೆಲದಿಂದ ಒಂದು ಮೀಟರಿಗೂ ಮೇಲಿನ ಗಾಳಿಯದು. ಮೋಡವಿಲ್ಲದ ರಾತ್ರಿ ರಸ್ತೆ ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟು ಸೊನ್ನೆಗಿಂತ ಕೆಳಗಿಳಿದಿರಬಹುದು. ಅಡಿಯಿಂದಲೂ ಗಾಳಿ ತಾಗುವ ಸೇತುವೆಗಳು ಮೊದಲು ಹೆಪ್ಪುಗಟ್ಟುತ್ತವೆ. ಐಸ್ ಕರಗಿಸಲು ರಸ್ತೆಗೆ ಎರಚಿದ ಉಪ್ಪು ಸರಿಯಾಗಿ ಕೆಲಸ ಮಾಡಬೇಕಾದರೆ ಮೇಲೆ ವಾಹನಗಳ ಚಕ್ರ ಓಡಿ ಅರೆಯಬೇಕು. ಸೈಕಲ್ ಪಥದಲ್ಲಿ ಅಷ್ಟು ಭಾರ ಓಡುವುದಿಲ್ಲ. ಹೀಗಾಗಿ ಪಕ್ಕದ ಡಾಂಬರು ಒಣಗಿದ್ದರೂ ಸೈಕಲ್ ಪಥ ಜಾರುತ್ತಿರಬಹುದು.

ಎಲ್ಲರೂ ವೇಗವನ್ನು ದೂರುತ್ತಾರೆ. ನಮ್ಮ ಪ್ರಕಾರ ಅದಕ್ಕಿಂತ ಅಪಾಯಕಾರಿ ಬೆನ್ನು ಹತ್ತುವುದು. ಹತ್ತಿದವನ ಕಣ್ಣು ಮುಂದಿನವನ ಹಿಂಚಕ್ರದಲ್ಲೇ ನೆಟ್ಟಿರುತ್ತದೆ, ರಸ್ತೆ ಕಾಣುವುದೇ ಇಲ್ಲ. ಗಂಟೆಗೆ 27 ಕಿ.ಮೀ. ಎಂದರೆ ಸೆಕೆಂಡಿಗೆ ಏಳೂವರೆ ಮೀಟರ್. ಮುಂದಿನವನು ಕಬ್ಬಿಣದ ಮ್ಯಾನ್‌ಹೋಲ್ ಮುಚ್ಚಳ ಕಂಡು ಪಕ್ಕಕ್ಕೆ ಸರಿದರೆ, ಒಂದು ಮೀಟರ್ ಹಿಂದಿರುವವನ ಮುಂಚಕ್ರ ಅದರ ಮೇಲೇರಲು ಅರ್ಧ ಸೆಕೆಂಡೂ ಬೇಡ. ಗಾಬರಿಯಲ್ಲಿ ಮುಂದಿನ ಬ್ರೇಕ್ ಹಿಂಡಿದರೆ ಮುಗಿಯಿತು. ಹಿಂಚಕ್ರ ಜಾರಿದರೆ ಸಾವರಿಸಿಕೊಳ್ಳಲು ಒಂದು ಅವಕಾಶವಿದೆ. ಮುಂಚಕ್ರ ಜಾರಿದರೆ ಸೊಂಟವೋ ಮೊಣಕೈಯೋ ನೇರ ನೆಲಕ್ಕೆ. ಬಿಳಿ ಬಣ್ಣದ ಪಟ್ಟಿ, ಕೊಳೆತ ಎಲೆ ಇವೂ ಅಷ್ಟೇ ಮೋಸ. ಚಕ್ರದ ಅಂಚಿನ ಬಳೆಯನ್ನೇ (ರಿಮ್) ಒತ್ತುವ ರಿಮ್ ಬ್ರೇಕಿನವರಿಗೆ ಇನ್ನೊಂದು ತೊಡಕು: ಒದ್ದೆ ರಿಮ್ಮಿನಲ್ಲಿ ಚಕ್ರದ ಮೊದಲ ಒಂದೆರಡು ಸುತ್ತು ನೀರು ಒರೆಸುವುದಕ್ಕೇ ಹೋಗುತ್ತದೆ.

ಪೈಪೋಟಿ ಬಿಡಲಾಗದವರು ಏರಿನಲ್ಲಿ ಮಾಡಲಿ. ಹೈಗೇಟಿನ ಸ್ವೇನ್ಸ್ ಲೇನಿನಂಥ ಕಡೆ ವೇಗ ತಾನಾಗಿ ಇಳಿಯುತ್ತದೆ, ಬ್ರೇಕಿನ ಕೆಲಸವೇ ಬರುವುದಿಲ್ಲ. ಇಳಿಜಾರು, ಸೇತುವೆ, ತಿರುವುಗಳಲ್ಲಿ ಕನಿಷ್ಠ 15 ಮೀಟರ್ ಹಿಂದಿರಲಿ. ಬ್ರೇಕ್ ಹಾಕುವುದಾದರೆ ತಿರುವಿಗೆ ಮೊದಲೇ, ಸೈಕಲ್ ನೆಟ್ಟಗಿರುವಾಗ. ಐಸ್ ಮೇಲೆ ಸಿಕ್ಕಿಕೊಂಡರೆ ಹ್ಯಾಂಡಲ್ ತಿರುಗಿಸದೆ, ಬ್ರೇಕ್ ಮುಟ್ಟದೆ ಸುಮ್ಮನೆ ಸಾಗಬೇಕು. ಜುಲೈನ ವೇಗ ಜನವರಿಯಲ್ಲಿ ಬರದಿದ್ದರೆ ಕಾಲುಗಳನ್ನು ಬೈಯಬೇಡಿ: 20 ಡಿಗ್ರಿಯ ಗಾಳಿಗಿಂತ ಸೊನ್ನೆ ಡಿಗ್ರಿಯ ಗಾಳಿ ಸುಮಾರು ಶೇ 7ರಷ್ಟು ಸಾಂದ್ರ, ತಣ್ಣಗಾದ ಟೈರ್ ಉರುಳುವುದೂ ನಿಧಾನ.

28 ಮಿ.ಮೀ. ಟೈರಿಗೆ ಬೇಸಿಗೆಯಲ್ಲಿ ಗಾಳಿಯ ಒತ್ತಡ 85 ಪಿಎಸ್‌ಐ ಹಾಕುತ್ತಿದ್ದರೆ ಈಗ 70 ಸಾಕು. ಒದ್ದೆ ನೆಲದಲ್ಲಿ ಹಿಡಿತ ಸ್ವಲ್ಪ ಹೆಚ್ಚುತ್ತದೆ, ಆದರೆ ಐಸ್ ಮೇಲೆ ಯಾವ ಬರಿ ರಬ್ಬರೂ ನಿಲ್ಲದು. ಅಲ್ಲಿಗೆ ಕಾರ್ಬೈಡ್ ಎಂಬ ಗಡಸು ವಸ್ತುವಿನ ಪುಟ್ಟ ಮೊಳೆ ಕೂರಿಸಿದ ಟೈರೇ ಬೇಕು. ಒಂದೇ ಕೊಳ್ಳುವುದಾದರೆ ಮುಂಚಕ್ರಕ್ಕೆ ಹಾಕಿ. ಮೊದಲ 40 ಕಿ.ಮೀ. ಡಾಂಬರಿನ ಮೇಲೆ ಮೆಲ್ಲಗೆ ಓಡಿಸಿದರೆ ಮೊಳೆ ಗಟ್ಟಿಯಾಗಿ ಕೂರುತ್ತದೆ; ಮೊದಲ ದಿನವೇ ಸ್ಪ್ರಿಂಟ್ ಹೊಡೆದರೆ ಕಿತ್ತು ಹೋಗುತ್ತದೆ.

ಡಿಸೆಂಬರ್ ನಡುವಿನಲ್ಲಿ ಇಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಕತ್ತಲಲ್ಲಿ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಮತ್ತು ಕೆಂಪು ರಿಫ್ಲೆಕ್ಟರ್ ಕಡ್ಡಾಯ. ಥೇಮ್ಸ್ ದಂಡೆಯ ಎಂಬ್ಯಾಂಕ್‌ಮೆಂಟ್ ರಸ್ತೆಯ, ಎರಡೂ ದಿಕ್ಕಿಗೆ ಓಡಾಡುವ ಸೈಕಲ್ ಪಥದಲ್ಲಿ ದೀಪವನ್ನು ನೆಲಕ್ಕೆ ಬಾಗಿಸಿ, ಎದುರಿನವರ ಕಣ್ಣು ಕುಕ್ಕದಿರಲಿ. ಚಳಿಗೆ ಬ್ಯಾಟರಿ ಬೇಗ ಇಳಿಯುವುದರಿಂದ ಇನ್ನೊಂದು ದೀಪ ಚೀಲದಲ್ಲಿರಲಿ. ಮಡ್‌ಗಾರ್ಡ್ ಇಲ್ಲದೆ ಯಾರನ್ನಾದರೂ ಹಿಂದೆ ಹಾಕಿದರೆ ನಿಮ್ಮ ಚಕ್ರದ ಉಪ್ಪುನೀರು ಸೋತವನ ಬಾಯಿಗೇ ಹೋಗುತ್ತದೆ. ಗೆದ್ದವರಿಗೆ ಇಷ್ಟು ಸಭ್ಯತೆಯಾದರೂ ಇರಬೇಕು. ಅದೇ ಉಪ್ಪು ಚೈನನ್ನು ರಾತ್ರೋರಾತ್ರಿ ತುಕ್ಕು ಹಿಡಿಸುತ್ತದೆ: ಮನೆಗೆ ಬಂದೊಡನೆ ಒಂದು ಚೊಂಬು ನೀರು ಹೊಯ್ದು, ಬಟ್ಟೆಯಿಂದ ಒರೆಸಿ, ಮಳೆಗಾಲದ ದಪ್ಪ ಎಣ್ಣೆ ಹಾಕಿ.

ಬೆಳಿಗ್ಗೆ ಹೊರಡುವ ಮುನ್ನ ಬೀದಿಯಲ್ಲಿ ನಿಂತ ಕಾರುಗಳ ಗಾಜು ನೋಡಿ. ಕೆರೆದು ತೆಗೆಯುವಷ್ಟು ಹಿಮ ಕಟ್ಟಿದ್ದರೆ ಆ ದಿನ ಪಂದ್ಯ ರದ್ದು. ಮೊಳೆ ಟೈರ್ ಇಲ್ಲದವರಿಗೆ ಸೈಕಲ್ಲೂ ರದ್ದು, ರೈಲೇ ಗತಿ.

– ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವ ಕೆಲವು ಕನ್ನಡಿಗರು, ಲಂಡನ್